ಸೆಕೆಂಡ್ ಹ್ಯಾಂಡ್ ಕಾರ್ ಸಸ್ತಾ ಸಿಗ್ಲಾಕತ್ತದ ಅಂದ್ರ ಮೊದಲು ಅದು ಯಾಕ ಸಸ್ತಾ ಅಂತ ಕೇಳ್ರಿ

ನಮ್ ಕಡಿ ತೊಗರಿ ರಾಶಿ ಆಗಿ ರೊಕ್ಕ ಕೈಗೆ ಬಂತು ಅಂದ್ರ, ಇಲ್ಲಾಂದ್ರ ಮನ್ಯಾಗ ಒಂದು ಮದುವಿ ಗೊತ್ತಾತು ಅಂದ್ರ, ಹಳೀ ಕಾರ್ ಹುಡುಕೋದು ಶುರು ಆಗ್ತದ. ಆಗ ಎಲ್ಲರೂ ಕೇಳೋದು ಒಂದೇ ಪ್ರಶ್ನೆ, ಯಾವ ಮಾಡೆಲ್ ತಗೋಬಾರ್ದು ಹೇಳ್ರಿ ಅಂತ. ಖರೆ ಹೇಳ್ಬೇಕಂದ್ರ ಮಾಡೆಲ್ ಹೆಸರು ಆಮ್ಯಾಲಿನ ಮಾತು. ಚಲೋ ಮಾಡೆಲ್‌ನ್ಯಾಗೂ ಹಾಳಾದ ಗಾಡಿ ಇರ್ತಾವ, ಎಲ್ಲರೂ ಬೈಯೋ ಮಾಡೆಲ್‌ನ್ಯಾಗೂ ಯಾರೋ ರಿಟೈರ್ಡ್ ಮಾಸ್ತರ್ರು ಜ್ವಾಕಿ ಮಾಡಿ ಇಟ್ಟ ಗಾಡಿ ಒಮ್ಮೊಮ್ಮೆ ಸಿಗ್ತದ. ಕೇಳಬೇಕಾಗಿದ್ದು ಏನಂದ್ರ, ಈ ಗಾಡಿ ಮಾರ್ಕೆಟ್ ರೇಟಿಗಿಂತ ಲಕ್ಷ, ಒಂದೂವರೆ ಲಕ್ಷ ಕಡಿಮಿ ಆಗಿ ನನ್ನ ತನಕ ಯಾಕ ಬಂತು, ಅದ್ರ ಊರಾಗೇ ಅದನ್ನ ಯಾರೂ ಯಾಕ ತಗೊಳ್ಳಿಲ್ಲ. ಇದಕ್ಕ ಸರಳ ಉತ್ತರ ಸಿಕ್ತು ಅಂದ್ರ ಮುಂದ ಹೋಗ್ರಿ, ಸಿಗ್ಲಿಲ್ಲ ಅಂದ್ರ ಬಿಡ್ರಿ, ಗಾಡಿ ಎಷ್ಟೇ ಮಿಂಚಲಿ.

ಈ ಪ್ರಶ್ನೆ ಕಲಬುರಗಿ, ಯಾದಗಿರಿ, ಬೀದರ ಈ ನಮ್ಮ ಮೂರು ಜಿಲ್ಲೆಗೆ ಜಾಸ್ತಿ ಹತ್ತೋದು ಯಾಕಂದ್ರ ನಾವು ಕುಂತಿದ್ದೇ ತೆಲಂಗಾಣ, ಮಹಾರಾಷ್ಟ್ರದ ಗಡಿ ಮ್ಯಾಲ. ಬೀದರ್‌ನಿಂದ ಹೈದರಾಬಾದ್ ಮೂರು ತಾಸಿನ ದಾರಿ, ಬೆಂಗಳೂರಿಗೆ ಹೋಗ್ಬೇಕಂದ್ರ ರಾತ್ರಿ ಪೂರ್ತಿ ಬಸ್ಸಿನ್ಯಾಗ. ಆಳಂದ, ಅಫಜಲಪುರದವ್ರಿಗೆ ಸೊಲ್ಲಾಪುರ ಹತ್ತಿರ, ಔರಾದ, ಭಾಲ್ಕಿಯವ್ರಿಗೆ ಲಾತೂರು, ನಾಂದೇಡ ಹತ್ತಿರ. ಹಂಗಾಗಿ ಕಲಬುರಗಿಯ ಕೆಎ 32, ಯಾದಗಿರಿಯ 33, ಬೀದರಿನ 38ರ ನಡುವೆ ಟಿಎಸ್, ಎಪಿ, ಎಂಎಚ್ ನಂಬರಿನ ಗಾಡಿಗಳು ಬೇಕಾದಷ್ಟು ತಿರುಗ್ತಾವ, ನೋಡಿ ನೋಡಿ ನಮಗೂ ರೂಢಿ ಆಗಿಬಿಟ್ಟದ. ಹೈದರಾಬಾದ್‌ನ್ಯಾಗ ಗಾಡಿ ಭಾಳ, ಆಯ್ಕೆ ಭಾಳ, ರೇಟೂ ಕಡಿಮಿ, ಅದ್ರಾಗ ಸುಳ್ಳಿಲ್ಲ. ಆದ್ರ ಆ ಕಡಿಮಿ ಆದ ರೊಕ್ಕ ಎಲ್ಲಿ ಹೋಗ್ತದ ಅಂತ ಲೆಕ್ಕ ಹಾಕೋಣ ಬರ್ರಿ.

ಕರ್ನಾಟಕದ ಲೈಫ್ ಟ್ಯಾಕ್ಸ್, ಅಂದ್ರ ನಂಬರ್ ಮಾಡಿಸೋವಾಗ ಒಮ್ಮೆಲೇ ಕಟ್ಟೋ ರೋಡ್ ಟ್ಯಾಕ್ಸ್, ದೇಶದಾಗೇ ಹೆಚ್ಚಿರೋ ರಾಜ್ಯಗಳ ಸಾಲಿನ್ಯಾಗ ಬರ್ತದ. ಹೊಸ ಪೆಟ್ರೋಲ್ ಡೀಸೆಲ್ ಕಾರಿಗೆ 5 ಲಕ್ಷದ ತನಕ 13 ಪರ್ಸೆಂಟ್, 5ರಿಂದ 10 ಲಕ್ಷಕ್ಕ 14, 10ರಿಂದ 20 ಲಕ್ಷಕ್ಕ 17, ಅದಕ್ಕೂ ಮ್ಯಾಲಿದ್ರ 18, ಇದ್ರ ಮ್ಯಾಲ ಸೆಸ್ ಬ್ಯಾರೆ. ಹೊರಗಿನ ರಾಜ್ಯದ ಹಳೀ ಗಾಡಿ ತಂದು ಇಲ್ಲಿ ನಂಬರ್ ಮಾಡಿಸ್ಬೇಕಂದ್ರ ಈ ಟ್ಯಾಕ್ಸ್ ನೀವು ಇಲ್ಲಿ ತುಂಬಬೇಕು. ಗಾಡಿ ವಯಸ್ಸು ಹೆಚ್ಚಾದಂಗ ಅದು ಕಡಿಮಿ ಆಗ್ತಾ ಹೋಗ್ತದ ಖರೆ, ಆದ್ರ ಜನ ತಪ್ಪು ತಿಳ್ಕೊಳ್ಳೋದು ಇಲ್ಲೇ, ಲೆಕ್ಕ ಹಾಕೋದು ನೀವು ಕೊಟ್ಟ ರೇಟಿನ ಮ್ಯಾಲ ಅಲ್ಲ, ಗಾಡಿ ಹೊಸಾದು ಇದ್ದಾಗಿನ ರೇಟಿನ ಮ್ಯಾಲ. ಹೊಸಾದಾಗ 9 ಲಕ್ಷ ಇದ್ದ ಗಾಡಿ ಅಂತ ಇಟ್ಕೊಳ್ರಿ, 14 ಪರ್ಸೆಂಟ್ ಅಂದ್ರ 1 ಲಕ್ಷ 26 ಸಾವಿರ, ಅಲ್ಲಿಂದ ವಯಸ್ಸಿನ ಕಡಿತ ಶುರು. ನೀವು 4 ಲಕ್ಷಕ್ಕ ತಂದಿದ್ರೂ ಅವ್ರು ಹಿಡಿಯೋದು ಆ 9 ಲಕ್ಷನೇ. ಆ ರಾಜ್ಯದಾಗ ಮೊದಲು ಕಟ್ಟಿದ ಟ್ಯಾಕ್ಸ್ ರಿಫಂಡ್ ಕೇಳಬಹುದು ಅಂತಾರ, ಕೇಳಬಹುದು, ಆದ್ರ ಅದಕ್ಕ ಅರ್ಜಿ, ಹಳೀ ಮಾಲಕನ ಸಹಿ, ಅಲ್ಲಿ ಆಫೀಸಿಗೆ ಅಡ್ಡಾಡೋದು, ಇಷ್ಟೆಲ್ಲ ಮಾಡಿ ರೊಕ್ಕ ತಂದ್ಕೊಂಡವ್ರು ಕಮ್ಮಿ. ಅದಕ್ಕ ಹೈದರಾಬಾದಿನ ರೇಟು ಕೇಳಿದ ಕೂಡ್ಲೇ ಅದಕ್ಕ ಇಲ್ಲಿನ ಟ್ಯಾಕ್ಸ್ ಕೂಡಿಸಿ, ಏಜೆಂಟನ ಫೀಸ್ ಕೂಡಿಸಿ, ಆಮ್ಯಾಲ ಕಲಬುರಗ್ಯಾಗ ಅದೇ ವರ್ಷದ ಕೆಎ ಗಾಡಿ ಎಷ್ಟಕ್ಕ ಅದ ನೋಡ್ರಿ. ಭಾಳ ಸಲ ಫರಕ್ ಹತ್ತಿಪ್ಪತ್ತು ಸಾವಿರಕ್ಕ ಬಂದು ನಿಲ್ತದ, ಅಷ್ಟಕ್ಕ ಯಾರು ಗೊತ್ತಿಲ್ಲದ ಊರಿನ ಗಾಡಿ ತರ್ತಾರ್ರಿ.

"ನಂಬರ್ ಯಾಕ ಬದಲಿ ಮಾಡ್ತಿ ಕಾಕಾ, ಹಂಗೇ ಓಡ್ಸು, ಎಲ್ಲರೂ ಓಡಸ್ತಾರ" ಅಂತ ಹೇಳೋರು ಇರ್ತಾರ. ಮೋಟಾರ್ ವಾಹನ ಕಾಯ್ದೆಯ 47ನೇ ಕಲಂ ಪ್ರಕಾರ ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಾಗ 12 ತಿಂಗಳಿಗಿಂತ ಹೆಚ್ಚು ಇದ್ರ ಅಲ್ಲಿನ ನಂಬರ್ ಮಾಡಿಸ್ಲೇಬೇಕು. ಎಲ್ಲರೂ ಓಡಸ್ತಾರ ಅನ್ನೋದು ಚೆಕಿಂಗ್‌ನ್ಯಾಗ ಸಿಗೋ ತನಕ ಮಾತ್ರ ನಡೀತದ. ಮುಂದ ನೀವು ಮಾರೋಕ್ಕ ಹೋದಾಗ ನಿಮ್ಮ ಹೆಸರೇ ಇಲ್ಲದ ಗಾಡಿ ಯಾರು ತಗೋತಾರ?

ಇನ್ನ ಹೊರಗಿನ ಗಾಡಿಗೆ ಎನ್‌ಒಸಿ ಬೇಕೇ ಬೇಕು, ಅಂದ್ರ ಗಾಡಿ ಬ್ಯಾರೆ ಕಡಿ ಒಯ್ಯೋಕ್ಕ ತಕರಾರಿಲ್ಲ ಅನ್ನೋ ಪತ್ರ, ಫಾರಂ 28. ಅದನ್ನ ಹಳೀ ಆರ್‌ಟಿಒ ಕೊಡ್ಬೇಕು, ಯಾವ ಆರ್‌ಟಿಒಕ್ಕ ಹೊಂಟದ ಅಂತ ಅದ್ರಾಗ ಬರೆದಿರ್ತದ. "ಎನ್‌ಒಸಿ ಆಮ್ಯಾಲ ಕೊಡಸ್ತೀವಿ, ಮೊದಲು ಗಾಡಿ ಒಯ್ರಿ" ಅಂದ್ರ ಒಯ್ಯಬ್ಯಾಡ್ರಿ. ದಿಲ್ಲಿ ಗಾಡಿಗಳದ್ದು ಇದ್ರ ಪೂರ್ತಿ ಕಥಿನೇ ಬ್ಯಾರೆ. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿ ರೋಡಿಗೆ ಬರಬಾರ್ದು ಅಂತ ಹಸಿರು ನ್ಯಾಯಮಂಡಳಿ 2015ರಾಗ ಹೇಳ್ತು, 2018ರಾಗ ಸುಪ್ರೀಂ ಕೋರ್ಟೂ ಅದನ್ನ ಎತ್ತಿ ಹಿಡೀತು, 2025ರಾಗ ಕೋರ್ಟೇ ಇದನ್ನ ಸ್ವಲ್ಪ ಸಡಿಲ ಮಾಡ್ತು. ಆ ನಿಯಮ ಬಂದ ಮ್ಯಾಲ ಅಲ್ಲಿನ ಎಂಟೊಂಬತ್ತು ವರ್ಷದ ದೊಡ್ಡ ದೊಡ್ಡ ಡೀಸೆಲ್ ಗಾಡಿಗಳು ಅರ್ಧ ರೇಟಿಗೆ ಇಳಿದು ಲಾರಿ ಮ್ಯಾಲ ಏರಿ ದಕ್ಷಿಣಕ್ಕ ಬಂದ್ವು. ಗಾಡಿಯೊಳಗ ದೋಷ ಇರ್ಲಿಕ್ಕಿಲ್ಲ, ಕಾನೂನಿನ ಕಾರಣಕ್ಕ ಸಸ್ತಾ, ಇದು ಸಸ್ತಾ ಆಗೋಕ್ಕ ಒಂದು ನ್ಯಾಯವಾದ ಕಾರಣನೇ ಅಂತ ನಾನೂ ಒಪ್ತೀನಿ. ಆದ್ರ ವಯಸ್ಸು ಮೀರಿ ಅಲ್ಲಿ ರಿಜಿಸ್ಟ್ರೇಶನ್ ರದ್ದಾಗಿ ಎನ್‌ಒಸಿ ಇಲ್ಲದೇ ಬಂದ ಗಾಡಿ ಅಂದ್ರ ಅದು ಗುಜರಿ ತೂಕಕ್ಕ ಹಾಕೋ ಕಬ್ಬಿಣ. ಮ್ಯಾಲ ನಮ್ ಟ್ಯಾಕ್ಸ್ ಕೂಡಿಸಿದ್ರ ದಿಲ್ಲಿ ಫಾರ್ಚುನರ್ ಕನಸು ಅಲ್ಲಿಗೇ ಇಳೀತದ.

ಪೇಪರ್ ಮಾತು ಇನ್ನೂ ಮುಗದಿಲ್ಲ, ಯಾಕಂದ್ರ ನಮ್ ಕಡಿ ಗಾಡಿಗಿಂತ ಪೇಪರ್‌ನ್ಯಾಗೇ ಹೆಚ್ಚು ಜನ ಸಿಕ್ಕಿ ಬೀಳ್ತಾರ. ಹಳೀ ಗಾಡಿ ಮಾರೋ ಕನ್ಸಲ್ಟಂಟ್ ಹತ್ರ ಹೋದ್ರ ಡ್ರಾದಾಗ ಸಹಿ ಮಾಡಿದ ಖಾಲಿ ಫಾರಂ 29, 30, ಅಂದ್ರ ಮಾಲಕನ ಹೆಸರು ಬದಲಿಸೋ ಫಾರಂ, ಇರ್ತಾವ. ಆರ್‌ಸಿಯೊಳಗ ಹೆಸರು ಒಬ್ರದ್ದು, ಅವ್ರು ಇನ್ನೊಬ್ರಿಗೆ ಮಾರ್ಯಾರ, ಅವ್ರು ಕನ್ಸಲ್ಟಂಟಿಗೆ, ಕನ್ಸಲ್ಟಂಟ್ ನಿಮಗ. ಮೂರು ಕೈ ದಾಟಿದ್ರೂ ಪೇಪರ್‌ನ್ಯಾಗ "ಸಿಂಗಲ್ ಓನರ್". ಇದನ್ನೇ ತೋರ್ಸಿ ರೇಟ್ ಏರಸ್ತಾರ ನೋಡ್ರಿ, ಅದು ಇನ್ನೂ ತಮಾಷಿ. 2018ರಾಗ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಕೇಸಿನ್ಯಾಗ ಸುಪ್ರೀಂ ಕೋರ್ಟ್ ಸ್ಪಷ್ಟ ಹೇಳ್ಯಾದ, ಗಾಡಿ ಎಷ್ಟು ಕೈ ಬದಲಾದ್ರೂ ಆರ್‌ಟಿಒ ದಾಖಲಿಯೊಳಗ ಯಾರ ಹೆಸರು ಅದ ಅವ್ರೇ ಮಾಲಕರು, ಅಪಘಾತದ ಪರಿಹಾರ ಅವ್ರ ತಲಿ ಮ್ಯಾಲೇ ಅಂತ. ಇದು ಮಾರಿದವ್ರಿಗೆ ಕುತ್ತು ಅಂತ ಸುಮ್ನಿರಬ್ಯಾಡ್ರಿ, ತಗೊಂಡವ್ರಿಗೂ ಇನ್ನೊಂದು ಕಡಿಯಿಂದ ಹೊಡೀತದ. ಇನ್ಶುರೆನ್ಸ್ ಹಳೀ ಮಾಲಕನ ಹೆಸರಿಲೇ ಇದ್ರ, ಎದುರಿನವ್ರಿಗೆ ಆದ ಹಾನಿ ಕಂಪನಿ ಕೊಡ್ತದ, ಆದ್ರ ನಿಮ್ಮ ಗಾಡಿ ನುಜ್ಜುಗುಜ್ಜಾಗಿದ್ದಕ್ಕ ಕೇಳೋಕ್ಕ ಹೋದ್ರ ನೀವು ಯಾರು ಅಂತ ಕೇಳ್ತಾರ. ಪಾಲಿಸಿ ಹೆಸರು 14 ದಿನದೊಳಗ ಬದಲಿ ಮಾಡಿಸ್ಕೋಬೇಕು, ಮತ್ತ ಹಳೀ ಮಾಲಕನ ನೋ ಕ್ಲೇಮ್ ಬೋನಸ್, ಅಂದ್ರ ಕ್ಲೇಮ್ ಮಾಡದ್ದಕ್ಕ ಪ್ರೀಮಿಯಂನ್ಯಾಗ ಸಿಗೋ ರಿಯಾಯಿತಿ, ನಿಮಗ ಬರಂಗಿಲ್ಲ, ಅದು ಅವ್ರ ಕೂಡೇ ಹೋಗ್ತದ.

ಲೋನ್ ಇದ್ದ ಗಾಡಿದ್ದೂ ಹಂಗೇ. ಆರ್‌ಸಿ ಮ್ಯಾಲ ಬ್ಯಾಂಕೋ ಫೈನಾನ್ಸ್ ಕಂಪನಿಯೋ ಹೆಸರು ಇದ್ರ ಬ್ಯಾಂಕಿನ ಎನ್‌ಒಸಿ ಮತ್ತ ಲೋನಿನ ಹೆಸರು ತಗಿಸೋ ಫಾರಂ 35 ಕೈಯಾಗ ಬರ್ಬೇಕು, "ಲೋನ್ ಮುಗದದ, ಹೆಸರು ತಗಿಸೋದು ಅಷ್ಟೇ ಬಾಕಿ" ಅನ್ನೋ ಮಾತಿಗೆ ಕಿಮ್ಮತ್ತಿಲ್ಲ. ಸರ್ಕಾರದ ಪರಿವಾಹನ್ ವೆಬ್‌ಸೈಟಿನ್ಯಾಗ, ಇಲ್ಲಾಂದ್ರ ಎಂ-ಪರಿವಾಹನ್ ಆ್ಯಪಿನ್ಯಾಗ ನಂಬರ್ ಹಾಕಿದ್ರ ಲೋನ್ ಅದಯೋ ಇಲ್ಲೋ, ಇನ್ಶುರೆನ್ಸ್ ಎಲ್ಲಿ ತನಕ ಅದ, ಬ್ಲಾಕ್‌ಲಿಸ್ಟ್ ಆಗ್ಯಾದೇನು, ಎಲ್ಲಾ ತೋರಸ್ತದ. ಮಾಲಕನ ಹೆಸರು ಪೂರ್ತಿ ತೋರ್ಸಲ್ಲ, ನಡುವೆ ನಕ್ಷತ್ರ ಹಾಕಿ ಮುಚ್ಚಿರ್ತಾರ, ಆದ್ರೂ ಎದುರಿಗಿದ್ದ ಮನಷ್ಯಾನ ಹೆಸರಿಗೆ ಕೂಡ್ತದೋ ಇಲ್ಲೋ ಅನ್ನೋದು ಗೊತ್ತಾಗ್ತದ. ಚಲನ್ ಬ್ಯಾರೆ ನೋಡ್ಬೇಕು, ತೆಲಂಗಾಣದ ಗಾಡಿ ಇದ್ರ ಅಲ್ಲಿನ ಪೊಲೀಸರ ಇ-ಚಲನ್ ಪುಟದಾಗೂ ಒಮ್ಮೆ ನೋಡ್ರಿ, ಹೈದರಾಬಾದಿನ ಕ್ಯಾಮೆರಾಗಳು ಸುಮ್ನೆ ಇರಂಗಿಲ್ಲ. ಕಳುವಿನ ಗಾಡಿ ಅಂತ ಅನುಮಾನ ಇದ್ರ ಕೇಂದ್ರದ ಅಪರಾಧ ದಾಖಲಿ ಇಡೋ ಎನ್‌ಸಿಆರ್‌ಬಿಯವ್ರ ವಾಹನ್ ಸಮನ್ವಯ್ ಅನ್ನೋ ಸೇವೆ ಅದ, ಚಾಸಿ ನಂಬರ್ ಹಾಕಿ ನೋಡಬಹುದು.

ಈಗ ಗಾಡಿಗೆ ಬರೋಣ. ನನ್ನ ಲೆಕ್ಕದಾಗ ಎಲ್ಲಕ್ಕಿಂತ ಕೆಟ್ಟದ್ದು ನೀರಾಗ ಮುಳುಗಿದ ಗಾಡಿ. ಆ್ಯಕ್ಸಿಡೆಂಟ್ ಗಾಡಿ ಆದ್ರೂ ಏನಾಗ್ಯಾದ ಅಂತ ಕಣ್ಣಿಗೆ ಕಾಣ್ತದ, ನೀರಾಗ ಮುಳುಗಿದ್ದು ತೊಳದು ಒರೆಸಿ ನಿಲ್ಸಿದ್ರ ಹೊಸ ಮದುಮಗಳಂಗ ಕಾಣ್ತದ, ರೋಗ ಎಲ್ಲಾ ಒಳಗ. 2020ರ ಅಕ್ಟೋಬರ್‌ನ್ಯಾಗ ಹೈದರಾಬಾದಿನ ಮಳಿ ನೆನಪದಲ್ಲ, ಕಾರುಗಳು ಓಣ್ಯಾಗ ತೇಲಿ ಹೋಗಿ ಒಂದರ ಮ್ಯಾಲೊಂದು ಬಿದ್ದಿದ್ದವು, ಅದೇ ತಿಂಗಳು ನಮ್ ಭೀಮಾ ನದಿನೂ ಉಕ್ಕಿ ಅಫಜಲಪುರ, ಜೇವರ್ಗಿ, ಯಾದಗಿರಿ ಕಡಿ ಊರೂರಿಗೆ ನೀರು ಹೊಕ್ಕಿತ್ತು. 2015ರ ಡಿಸೆಂಬರಿನ ಚೆನ್ನೈ, 2022ರ ಸೆಪ್ಟೆಂಬರಿನ ಬೆಂಗಳೂರು, 2024ರ ಸೆಪ್ಟೆಂಬರಿನ ವಿಜಯವಾಡ, ಒಂದೊಂದು ಸಲ ಹಿಂಗ ಆದಾಗೂ ಸಾವಿರಾರು ಗಾಡಿ ಇನ್ಶುರೆನ್ಸ್ ಕಂಪನಿ ಕೈಗೆ ಹೋಗ್ತಾವ. ರಿಪೇರಿ ಖರ್ಚು ಗಾಡಿಯ ಐಡಿವಿಯ, ಅಂದ್ರ ಪಾಲಿಸ್ಯಾಗ ಬರೆದ ಬೆಲಿಯ, ಶೇಕಡ 75ಕ್ಕಿಂತ ಹೆಚ್ಚಾದ್ರ ಅದನ್ನ ಟೋಟಲ್ ಲಾಸ್ ಅಂತ ಹಿಡೀತಾರ, ಮಾಲಕನಿಗೆ ರೊಕ್ಕ ಕೊಟ್ಟು ಗಾಡಿನ ಹರಾಜಿಗೆ ಹಾಕ್ತಾರ. ಹರಾಜಿನ್ಯಾಗ ತಗೊಂಡವ್ನು ಅದನ್ನ ಗುಜರಿಗೆ ಹಾಕ್ಬೇಕು ಅಂತ ಏನಿಲ್ಲ, ತೊಳೀತಾನ, ಸೀಟ್ ಬದಲಿ ಮಾಡ್ತಾನ, ಎರಡು ಜಿಲ್ಲೆ ದಾಟಿಸಿ ಮಾರ್ತಾನ.

ನೀರು ಎಂಜಿನ್ ಒಳಗ ಹೋದಾಗ ಆಗೋದು ಏನಂದ್ರ, ಸಿಲಿಂಡರ್ ಒಳಗ ಪಿಸ್ಟನ್ ಗಾಳಿನ ಒತ್ತಬಹುದು, ನೀರನ್ನ ಒತ್ತೋಕ್ಕ ಆಗಂಗಿಲ್ಲ. ಓಡೋ ಎಂಜಿನ್ ಒಮ್ಮೆಲೇ ನಿಂತು ಕನೆಕ್ಟಿಂಗ್ ರಾಡ್ ಬಾಗ್ತದ. ಮಿಸ್ತ್ರಿ ಅದನ್ನ ಬಿಚ್ಚಿ ಕೂಡಿಸಬಹುದು, ಅದು ಒಂದು ಸಲದ ಖರ್ಚು, ಆದ್ರ ವೈರಿಂಗ್ ಹಂಗಲ್ಲ. ಈಗಿನ ಗಾಡ್ಯಾಗ ಸೀಟಿನ ಕೆಳಗ, ಕಾರ್ಪೆಟ್ ಕೆಳಗ ವೈರು, ಕನೆಕ್ಟರು, ಏರ್‌ಬ್ಯಾಗಿನ ಕಂಪ್ಯೂಟರ್ ಪೆಟ್ಟಿಗಿ ಇರ್ತಾವ. ಹೊಲಸು ನೀರು ಹೊಕ್ಕ ಕನೆಕ್ಟರ್ ಇವತ್ತು ನಡೀತದ, ಆರು ತಿಂಗಳ ಬಿಟ್ಟು ಹಸಿರು ಹಿಡಿದು ನಿಲ್ತದ. ಇವತ್ತು ಪವರ್ ವಿಂಡೋ, ನಾಳಿ ಎಬಿಎಸ್ ಲೈಟು, ನಾಡದು ಮಳ್ಯಾಗ ಗಾಡಿ ಸ್ಟಾರ್ಟೇ ಆಗಲ್ಲ, ಯಾವ ಮಿಸ್ತ್ರಿಗೂ ಹತ್ತಲ್ಲ. ಆ್ಯಕ್ಸಿಡೆಂಟ್ ಆದಾಗ ಏರ್‌ಬ್ಯಾಗ್ ತೆರೀತದೋ ಇಲ್ಲೋ ಅದೂ ದೇವರಿಗೇ ಗೊತ್ತು.

ಹಿಡಿಯೋದು ಹೆಂಗ ಅಂದ್ರ ಸೀಟ್ ಬೆಲ್ಟ್ ಪೂರ್ತಿ ಕೊನಿ ತನಕ ಎಳೀರಿ, ದಿನಾ ಬಳಸೋ ಭಾಗ ತೊಳದಿರ್ತಾರ, ಒಳಗ ಸುತ್ತಿಕೊಂಡ ಕಡಿ ತುದಿಗೆ ಕೆಸರಿನ ಗೆರಿ ಹಂಗೇ ಇರ್ತದ. ಸ್ಟೆಪ್ನಿ ಎತ್ತಿ ಅದ್ರ ಕುಣಿ ನೋಡ್ರಿ, ಸೀಟಿನ ಹಳಿಗೆ, ಸೀಟ್ ಕೆಳಗಿನ ಬೋಲ್ಟಿಗೆ ತುಕ್ಕು ಅದೇನು ಕೈಹಾಕಿ ನೋಡ್ರಿ, ಮ್ಯಾಲಿನ ಗಾಡಿ ಹೊಳ್ಯಾಕತ್ತಾಗ ಒಳಗಿನ ಬೋಲ್ಟ್ ಯಾಕ ತುಕ್ಕು ಹಿಡೀಬೇಕು? ಕಾರ್ಪೆಟ್ ಎತ್ತಿ ಮೂಸಿ ನೋಡ್ರಿ. ಎಸಿ ಹಾಕಿದ ಕೂಡ್ಲೇ ಮೊದಲ ಗಾಳಿಗೆ ಮುಗ್ಗಲು ವಾಸನಿ ಬಂದ್ರ, ಅದ್ರ ಮ್ಯಾಲ ಗಾಡಿ ತುಂಬ ಜಾಸ್ಮಿನ್ ಸೆಂಟು ಹೊಡೆದಿದ್ರ ತಿಳ್ಕೊಳ್ರಿ. ಇನ್ನೊಂದು ಸುಳುವು ಪೇಪರ್‌ನ್ಯಾಗೇ ಸಿಗ್ತದ, ಇನ್ಶುರೆನ್ಸ್ ವರ್ಷಾ ವರ್ಷಾ ಬರೋಬರಿ ಇದ್ದದ್ದು ಯಾವುದೋ ಪ್ರವಾಹದ ಆಸುಪಾಸಿನಿಂದ ಏಳೆಂಟು ತಿಂಗಳು ಖಾಲಿ ಇದ್ರ ಆಗ ಗಾಡಿ ಎಲ್ಲಿತ್ತು ಅಂತ ಕೇಳ್ರಿ.

ಆ್ಯಕ್ಸಿಡೆಂಟ್ ಗಾಡಿ ಎಲ್ಲಾ ಬ್ಯಾಡ ಅಂತ ನಾ ಹೇಳಲ್ಲ. ಬಂಪರ್, ಫೆಂಡರ್, ಒಂದು ಬಾಗಿಲು ಬದಲಾಗಿದ್ರ ಏನೂ ಆಗಂಗಿಲ್ಲ, ನಮ್ ಕಲಬುರಗಿ ಸೂಪರ್ ಮಾರ್ಕೆಟ್ ಗದ್ದಲದಾಗ ತಿರುಗಿದ ಗಾಡಿಗೆ ನಾಕು ಗೀರು ಇಲ್ಲ ಅಂದ್ರೇ ಅನುಮಾನ ಪಡ್ಬೇಕು. ಆದ್ರ ಮ್ಯಾಲಿನ ಛತ್ತು ಹೊತ್ತ ಪಿಲ್ಲರ್, ಬಾನೆಟ್ ಒಳಗ ಎರಡೂ ಬದಿಯ ತಗಡು ಅಂದ್ರ ಏಪ್ರನ್, ಚಾಸಿ, ಈ ಮೂರಕ್ಕ ವೆಲ್ಡಿಂಗ್ ಬಿದ್ದದ ಅಂದ್ರ ಬಿಟ್ಟು ಬರ್ರಿ. ಬಾಗಿಲಿನ ರಬ್ಬರ್ ಬೀಡಿಂಗ್ ಎಳದು ನೋಡಿದ್ರ ಒಳಗ ಕಂಪನಿ ಸ್ಪಾಟ್ ವೆಲ್ಡಿಂಗ್ ಸಾಲಾಗಿ ಗುಂಡು ಗುಂಡು ಕಾಣ್ತದ, ಆ ಗುರುತು ಮಾಯ ಆಗಿದ್ರ ಅಲ್ಲಿ ಡೆಂಟರ್ ಕೈ ಆಡ್ಯಾದ. ಪುಟ್ಟಿ ಹಚ್ಚಿದ ಜಾಗಕ್ಕ ಮ್ಯಾಗ್ನೆಟ್ ಹಿಡಿಯಂಗಿಲ್ಲ. ಗ್ಲಾಸ್ ಎಲ್ಲಾ ಒಂದೇ ಕಂಪನಿದ್ದು, ಒಂದೇ ಕಾಲದ್ದು ಇರ್ಬೇಕು. ಚಾಸಿ ನಂಬರ್ ಆರ್‌ಸಿ ಕೂಡ ಒಂದೊಂದೇ ಅಕ್ಷರ ಹೊಂದಿಸಿ ನೋಡ್ರಿ, ನಂಬರಿನ ಸುತ್ತ ಗ್ರೈಂಡರ್ ಹೊಡೆದ ಗುರುತು ಇದ್ರ ರೇಟಿನ ಮಾತೇ ಆಡಬ್ಯಾಡ್ರಿ, ಟೋಟಲ್ ಲಾಸ್ ಆದ ಗಾಡಿಯ ನಂಬರು, ಪೇಪರು ತಂದು ಕಳುವಿನ ಗಾಡಿಗೆ ಕೂಡಿಸೋ ಧಂದಾ ಹಳೇದು.

ಮೀಟರ್ ಬಗ್ಗೆ ಒಂದು ಮಾತು. ಡಿಜಿಟಲ್ ಮೀಟರ್ ತಿರುವಂಗಿಲ್ಲ ಅನ್ನೋದು ಸುಳ್ಳು, ಲ್ಯಾಪ್‌ಟಾಪ್ ಹಚ್ಚಿ ಊಟ ಮುಗಿಸೋದ್ರಾಗ ಒಂದೂವರೆ ಲಕ್ಷ ಓಡಿದ್ದು 60 ಸಾವಿರ ಮಾಡ್ತಾರ. ಅದ್ರಾಗೂ ಟ್ಯಾಕ್ಸಿಯಿಂದ ಬಿಳಿ ಬೋರ್ಡಿಗೆ ಬಂದ ಗಾಡಿಗಳು. ಹೈದರಾಬಾದ್‌ನ್ಯಾಗ ಏರ್‌ಪೋರ್ಟಿಗೆ, ಐಟಿ ಆಫೀಸಿಗೆ ಓಡಿದ್ದು, ಇಲ್ಲಿ ಸೇಡಂ, ವಾಡಿ, ಮಳಖೇಡದ ಸಿಮೆಂಟ್ ಫ್ಯಾಕ್ಟರಿಗೆ ಕಾಂಟ್ರ್ಯಾಕ್ಟ್ ಮ್ಯಾಲ ಓಡಿದ್ದು, ಇವು ವರ್ಷಕ್ಕ 50 ಸಾವಿರ ಕಿಲೋಮೀಟರ್ ದಾಟೋದು ದೊಡ್ಡ ಮಾತಲ್ಲ. ಆಮ್ಯಾಲ ಬಿಳಿ ಬೋರ್ಡಾಗಿ "ಡಾಕ್ಟ್ರ ಗಾಡಿ ಅಣ್ಣಾ, ಮನಿಯಿಂದ ದವಾಖಾನಿಗೆ ಅಷ್ಟೇ" ಅಂತ ಮಾರ್ತಾರ. ಕಲಬುರಗ್ಯಾಗ ಮಾರಾಟಕ್ಕಿರೋ ಡಾಕ್ಟ್ರ ಗಾಡಿ ಎಲ್ಲಾ ಎಣಿಸಿದ್ರ ಡಾಕ್ಟ್ರಿಗಿಂತ ಗಾಡಿನೇ ಜಾಸ್ತಿ ಆಗ್ತಾವ. ಮೀಟರ್ ನೋಡಬ್ಯಾಡ್ರಿ, ಬ್ರೇಕ್ ಪೆಡಲಿನ ರಬ್ಬರ್ ನೋಡ್ರಿ, ಸ್ಟೇರಿಂಗಿನ ಮ್ಯಾಲಿನ ಸವಕಳಿ, ಡ್ರೈವರ್ ಸೀಟಿನ ಬಾಗಿಲು ಕಡಿ ಅಂಚು ನೋಡ್ರಿ. ಟೈರಿನ ಮ್ಯಾಲ ನಾಕು ಅಂಕಿ ಇರ್ತಾವ, 2319 ಅಂದ್ರ 2019ರ 23ನೇ ವಾರ, 2019ರ ಗಾಡಿ ಬರೀ 30 ಸಾವಿರ ಓಡ್ಯಾದ ಅಂತಾರ, ನಾಕೂ ಟೈರು 2023ರವು ಅಂದ್ರ ಮೊದಲಿನ ಟೈರು ಎಲ್ಲಿ ಹೋದವು? ಕಂಪನಿ ಸರ್ವಿಸ್ ಸೆಂಟರಿನ್ಯಾಗ ನಂಬರ್ ಹೇಳಿ ಹಳೀ ಸರ್ವಿಸ್ ದಾಖಲಿ ಕೇಳ್ರಿ, ಮಾಲಕ ಜೊತಿಗಿದ್ರ ಕೊಡ್ತಾರ, ಮಾಲಕ ಬರೋಕ್ಕ ಒಲ್ಲೆ ಅಂದ್ರ ಅದೂ ಒಂದು ಉತ್ತರನೇ.

ನಮ್ ಕಡಿ ಗಾಡಿಗೇ ಅಂತ ಇರೋ ಒಂದು ರೋಗ ಅದ, ಇದನ್ನ ಬೆಂಗಳೂರಿನವ್ರು ಬರೆಯೋ ಚೆಕ್‌ಲಿಸ್ಟಿನ್ಯಾಗ ನೀವು ನೋಡಂಗಿಲ್ಲ. ವಾಡಿ, ಶಹಾಬಾದ್, ಸೇಡಂ ಕಡಿ ಇಷ್ಟು ಸಿಮೆಂಟ್ ಫ್ಯಾಕ್ಟರಿ ಬಂದಿದ್ದು ಯಾಕ, ಕೆಳಗ ಸುಣ್ಣದಕಲ್ಲು ಅದ ಅಂತ. ಅದೇ ಸುಣ್ಣ ನಮ್ ಬೋರಿನ ನೀರಿನ್ಯಾಗೂ ಅದ, ಬಕೀಟಿಗೆ, ಗೀಸರಿಗೆ ಬಿಳಿ ಪದರು ಕಟ್ಟೋದು ಎಲ್ಲರ ಮನ್ಯಾಗೂ ನೋಡೀರಿ. ಎಂಜಿನ್ ತಂಪಿಡೋ ಕೂಲಂಟ್ ತುಟ್ಟಿ ಅಂತ ಡ್ರೈವರ್‌ಗಳು ರೇಡಿಯೇಟರಿಗೆ ಅದೇ ಬೋರಿನ ನೀರು ಸುರೀತಾರ. ಆ ಬಿಳಿ ಪದರು ರೇಡಿಯೇಟರಿನ ಸಣ್ಣ ನಳಿಗ್ಯಾಗ, ಎಂಜಿನ್ ಒಳಗಿನ ನೀರಿನ ದಾರಿಯೊಳಗ ಕಟ್ಟಿ ಬಿಸಿ ಹೊರಗ ಹೋಗದಂಗ ಮಾಡ್ತದ. ಚಳಿಗಾಲದಾಗ ಗೊತ್ತೇ ಆಗಂಗಿಲ್ಲ. ಏಪ್ರಿಲ್ ಮೇ ತಿಂಗಳು 42, 43 ಡಿಗ್ರಿ ಬಿಸಿಲಿನ್ಯಾಗ ಐದು ಮಂದಿ ಕುಂತು ಎಸಿ ಹಾಕ್ಕೊಂಡು ಹುಮನಾಬಾದ್ ಕಡಿ ಹೊಂಟಾಗ ಮುಳ್ಳು ಕೆಂಪಿಗೆ ಏರ್ತದ, ಗೊತ್ತಾಗದೇ ಇನ್ನೂ ಓಡ್ಸಿದ್ರ ಹೆಡ್ ಗ್ಯಾಸ್ಕೆಟ್ ಹೋಗ್ತದ, ಹೆಡ್ಡೇ ಬಾಗ್ತದ.

ಅದಕ್ಕ ಗಾಡಿ ನೋಡೋಕ್ಕ ಸಂಜಿ ತಂಪಿನ್ಯಾಗ ಹೋಗಬ್ಯಾಡ್ರಿ, ಮಟಮಟ ಮಧ್ಯಾಹ್ನ ಹೋಗ್ರಿ. ಹೋಗೋಕ್ಕ ಮೊದಲೇ ಹೇಳ್ರಿ, ನಾ ಬರೋ ತನಕ ಸ್ಟಾರ್ಟ್ ಮಾಡಬ್ಯಾಡ್ರಿ ಅಂತ, ಹೋದ ಕೂಡ್ಲೇ ಬಾನೆಟ್ ಮ್ಯಾಲ ಕೈ ಇಟ್ಟು ನೋಡ್ರಿ ಬಿಸಿ ಅದೇನು. ಎಂಜಿನ್ ತಣ್ಣಗಿದ್ದಾಗ ಮಾತ್ರ ರೇಡಿಯೇಟರಿನ ಮುಚ್ಚಳ ತಗೀರಿ, ಬಿಸಿ ಇದ್ದಾಗ ತಗದ್ರ ಮಾರಿ ಸುಡ್ತದ. ಒಳಗ ಹಸಿರು, ಗುಲಾಬಿ, ನೀಲಿ, ಯಾವುದೋ ಒಂದು ಕೂಲಂಟಿನ ಬಣ್ಣ ಇರ್ಬೇಕು. ಬರೀ ನೀರು, ಮುಚ್ಚಳಕ್ಕ ಬಿಳಿ ಪುಡಿ, ಇಲ್ಲಾ ಕೆಂಪು ತುಕ್ಕಿನ ನೀರು ಇದ್ರ ಆ ಗಾಡಿ ಸಾಕಿದವ್ರು ಹೆಂಗ ಸಾಕ್ಯಾರ ಅನ್ನೋದು ಅಲ್ಲೇ ತಿಳೀತು. ಆಯಿಲ್ ಹಾಕೋ ಮುಚ್ಚಳದ ಕೆಳಗ ನೊರಿ ನೊರಿ, ಬಿಳಿಚು ಆಯಿಲ್ ಕಂಡ್ರ ನೀರು ಆಯಿಲಿನ್ಯಾಗ ಕೂಡ್ಯಾದ. ಆಮ್ಯಾಲ ಎಸಿ ಫುಲ್ ಹಾಕಿ ಬಿಸಿಲಾಗೇ ಇಪ್ಪತ್ತು ನಿಮಿಷ ನಿಲ್ಲಿಸಿ ಬಿಡ್ರಿ, ಮಾತಾಡ್ತಾ ಮುಳ್ಳಿನ ಮ್ಯಾಲ ಕಣ್ಣಿಡ್ರಿ. ಡೀಸೆಲ್ ಗಾಡಿ ಇದ್ರ ಓಡೋ ಎಂಜಿನ್ನಿನ ಆಯಿಲ್ ಮುಚ್ಚಳ ಸಡಿಲ ಮಾಡಿ ನೋಡ್ರಿ, ಹೊಗಿ ರಪರಪ ಹೊರಗ ಬಂದ್ರ ಮಿಸ್ತ್ರಿಗಳು ಬ್ಯಾಕ್ ಕಂಪ್ರೆಷನ್ ಅಂತಾರ, ಪಿಸ್ಟನ್ ರಿಂಗು ಸವೆದಾವ, ಎಂಜಿನ್ ಕೆಲಸ ಬಾಗಿಲಿಗೇ ಬಂದದ ಅಂತ. ಸೈಲೆನ್ಸರಿನಿಂದ ನೀಲಿ ಹೊಗಿ ಬಂದ್ರ ಆಯಿಲ್ ಸುಡ್ಲಾಕತ್ತದ. ಸಿಮೆಂಟ್ ಧೂಳಿನ್ಯಾಗ ಓಡಿ ಏರ್ ಫಿಲ್ಟರ್ ಬದಲಿಸದ ಗಾಡಿಗಳಿಗೆ ಇದು ಬೇಗ ಬರ್ತದ.

ಸರಿ, ಈಗ ಎಲ್ಲರೂ ಕಾಯೋ ಮಾಡೆಲ್ ವಿಷಯ. ಕಂಪನಿ ಬಂದ್ ಆದ ಗಾಡಿ ಎಲ್ಲಾ ಒಂದೇ ತಕ್ಕಡ್ಯಾಗ ಹಾಕಬ್ಯಾಡ್ರಿ. ಶೆವರ್ಲೆ 2017ರಾಗ ಇಲ್ಲಿ ಮಾರೋದು ನಿಲ್ಲಿಸ್ತು, ಫೋರ್ಡ್ 2021ರ ಸೆಪ್ಟೆಂಬರ್‌ನ್ಯಾಗ ಇಲ್ಲಿ ತಯಾರಿ ಬಂದ್ ಮಾಡ್ತೀವಿ ಅಂತು, ದಾಟ್ಸನ್ 2022ರಾಗ ಹೋತು. ಶೆವರ್ಲೆಯೊಳಗ ತವೇರಾಕ್ಕ ನಮ್ ಕಡಿ ಇವತ್ತೂ ಕೈ ಪಳಗಿದ ಮಿಸ್ತ್ರಿಗಳು ಸಿಗ್ತಾರ, ಆದ್ರ ಬೀಟ್, ಕ್ರೂಝ್ ಅಂಥವು ಕೆಟ್ಟು ನಿಂತ್ರ ಸ್ಪೇರಿಗೆ ಹೈದರಾಬಾದಿನ ಗುಜರಿ ಅಂಗಡಿ ತಿರುಗಬೇಕು, ನಾ ಅಂತೂ ತಗೋಬ್ಯಾಡ್ರಿ ಅಂತೀನಿ. ಫೋರ್ಡಿನ ಡೀಸೆಲ್ ಮ್ಯಾನುವಲ್ ಗಾಡಿ ಗಟ್ಟಿ ಇರ್ತಾವ, ನಿಮಗ ಪರಿಚಯದ ಮಿಸ್ತ್ರಿ ಇದ್ರ ವಿಚಾರ ಮಾಡಬಹುದು. ಮಾರುತಿ 2020ರಾಗ ಡೀಸೆಲ್ ಕೈಬಿಟ್ಟದ ಅಂತ ಹಳೀ ಸ್ವಿಫ್ಟ್, ಡಿಜೈರ್ ಡೀಸೆಲ್ಲಿಗೆ ಹೆದರೋ ಕಾರಣನೇ ಇಲ್ಲ, ಆ 1.3 ಫಿಯಟ್ ಎಂಜಿನ್ನು ಟಾಟಾ, ಫಿಯಟ್ ಗಾಡ್ಯಾಗೂ ಇತ್ತು, ಸಣ್ಣ ತಾಲೂಕಿನ್ಯಾಗೂ ಅದನ್ನ ಬಿಚ್ಚೋರು ಅದಾರ.

ಹೆದರಬೇಕಾಗಿದ್ದು ಗೇರ್‌ಬಾಕ್ಸಿಗೆ. ಎರಡು ಕ್ಲಚ್ ಇರೋ ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್ ಅಂತ ಬರ್ತಾವಲ್ಲ, ಫೋಕ್ಸ್‌ವ್ಯಾಗನ್, ಸ್ಕೋಡಾದ ಹಳೀ 7 ಸ್ಪೀಡ್ ಒಣ ಕ್ಲಚ್ಚಿನ ಡಿಎಸ್‌ಜಿ, ಫೋರ್ಡಿನ ಪವರ್‌ಶಿಫ್ಟ್, ಇವು ದುನಿಯಾ ತುಂಬ ತಕರಾರು ಕಂಡ ಗೇರ್‌ಬಾಕ್ಸು. ಓಡೋಕ್ಕ ಮಜಾ ಇರ್ತಾವ, ಕೆಟ್ಟಾಗ ಲಕ್ಷದ ಮಾತು, ಮ್ಯಾಲ ಅದಕ್ಕ ಕೈ ಹಾಕೋ ಮಿಸ್ತ್ರಿ ಇಲ್ಲಿ ಸಿಗಂಗಿಲ್ಲ. ವಾರಂಟಿ ಮುಗದಿದ್ರ ಬಿಡ್ರಿ. ಹತ್ತು ವರ್ಷದ ಆಡಿ, ಬಿಎಂಡಬ್ಲ್ಯೂ ಎಂಟೊಂಬತ್ತು ಲಕ್ಷಕ್ಕ ಸಿಗೋದೂ ಇದೇ ಕಾರಣಕ್ಕ, ಗಾಡಿ ಹಳೇದಾದ್ರೂ ಸ್ಪೇರಿನ ರೇಟು ಹೊಸ ಗಾಡಿದ್ದೇ, ಏರ್ ಸಸ್ಪೆನ್ಷನ್ ಇದ್ದದ್ದು ಒಂದು ದಿನ ನೆಲಕ್ಕ ಕುಂತ್ರ ಲಾರಿ ಮ್ಯಾಲ ಹಾಕ್ಕೊಂಡು ಹೈದರಾಬಾದಿಗೇ ಒಯ್ಯಬೇಕು. ಪಕ್ಕದ ಮನಿಯವ್ರು ನೋಡ್ಲಿ ಅಂತ ತಗೊಳ್ಳೋ ಗಾಡಿ ಅದು, ನೋಡೋದಂತೂ ನೋಡ್ತಾರ, ಲಾರಿ ಮ್ಯಾಲ ಹೋಗೋದನ್ನೂ ನೋಡ್ತಾರ.

2020ರ ಏಪ್ರಿಲ್ ಆದ್ಮ್ಯಾಲಿನ ಬಿಎಸ್ 6, ಅಂದ್ರ ಹೊಸ ಹೊಗಿ ನಿಯಮದ, ಡೀಸೆಲ್ ಗಾಡಿ ಕೆಟ್ಟದ್ದಲ್ಲ, ಆದ್ರ ಎಲ್ಲರಿಗೂ ಅಲ್ಲ. ಸೈಲೆನ್ಸರ್ ದಾರ್ಯಾಗ ಡಿಪಿಎಫ್ ಅನ್ನೋ ಜಾಲರಿ ಇರ್ತದ, ಹೊಗಿಯೊಳಗಿನ ಮಸಿ ಅದ್ರಾಗ ಕೂಡ್ತದ, ಆ ಮಸಿ ಸುಟ್ಟು ಹೋಗ್ಬೇಕಂದ್ರ ಗಾಡಿ ಒಂದು ಹದಿನೈದಿಪ್ಪತ್ತು ನಿಮಿಷ ಹೈವೇ ಸ್ಪೀಡಿನ್ಯಾಗ ಓಡಬೇಕು. ಮನಿಯಿಂದ ಸಾಲಿಗೆ, ಸಾಲಿಯಿಂದ ಬಜಾರಿಗೆ ಅಂತ ದಿನಾ ಐದಾರು ಕಿಲೋಮೀಟರ್ ಓಡೋ ಗಾಡ್ಯಾಗ ಅದು ಸುಡೋದೇ ಇಲ್ಲ, ಜಾಲರಿ ಕಟ್ಕೊಂಡು ಲೈಟ್ ಹತ್ತತದ, ಬದಲಿಸೋದು ಭಾಳ ತುಟ್ಟಿ. ವಾರಕ್ಕೊಮ್ಮೆ ಹೈದರಾಬಾದ್, ಸೊಲ್ಲಾಪುರ ಹೋಗೋ ವ್ಯಾಪಾರಿಗೆ ಅದೇ ಗಾಡಿ ಬರೋಬರಿ. ಊರಾಗೇ ತಿರುಗೋರು ಪೆಟ್ರೋಲ್ ನೋಡ್ರಿ. ಪೆಟ್ರೋಲ್ ಗಾಡಿಯೊಳಗ ಭಾಳ ಹಳೇದು ಇದ್ರ ಈಗಿನ ಇ20, ಅಂದ್ರ 20 ಪರ್ಸೆಂಟ್ ಎಥೆನಾಲ್ ಕೂಡಿಸಿದ, ಪೆಟ್ರೋಲಿಗೆ ಅದ್ರ ರಬ್ಬರ್ ಪೈಪು, ಸೀಲು ಬೇಗ ಹಾಳಾಗಬಹುದು, ಅಷ್ಟು ನೋಡ್ಕೊಳ್ರಿ.

ವರ್ಷ ಆರಿಸೋವಾಗ ನನ್ನ ಒಂದು ಹಟ ಅದ. 2014ರಾಗ ಗಾಡಿ ಗುದ್ದಿಸಿ ಸುರಕ್ಷತಿ ಅಳೆಯೋ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯವ್ರು ನಮ್ಮಲ್ಲಿ ಮಾರೋ ಆಲ್ಟೋ 800, ಐ10, ನ್ಯಾನೋ, ಫಿಗೋ, ಪೋಲೋ ಗಾಡಿಗಳ ಏರ್‌ಬ್ಯಾಗ್ ಇಲ್ಲದ ಮಾಡೆಲ್ ಗ್ವಾಡಿಗೆ ಗುದ್ದಿಸಿ ನೋಡಿದಾಗ ಐದಕ್ಕೂ ಬಂದಿದ್ದು ಸೊನ್ನಿ ಸ್ಟಾರ್. 2019ರ ಜುಲೈ 1ರಿಂದ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆತು, ಎಬಿಎಸ್ ಬ್ರೇಕು ಅದಕ್ಕೂ ಸ್ವಲ್ಪ ಮುಂಚೆ. ಹಂಗಾಗಿ ರೊಕ್ಕ ಮೂವತ್ತು ನಲವತ್ತು ಸಾವಿರ ಜಾಸ್ತಿ ಆದ್ರೂ 2019ರ ಮಧ್ಯದಿಂದ ಈಚಿನ ಗಾಡಿ ನೋಡ್ರಿ, ಅದಕ್ಕೂ ಹಳೇದು ತಗೊಳ್ಳೋದಿದ್ರ ಏರ್‌ಬ್ಯಾಗ್ ಇರೋ ಟಾಪ್ ಮಾಡೆಲ್ ಹುಡುಕ್ರಿ. ಕಬ್ಬಿನ ಸೀಜನ್‌ನ್ಯಾಗ ರಾತ್ರಿ ಲೈಟಿಲ್ಲದ ಟ್ರ್ಯಾಕ್ಟರ್ ಟ್ರಾಲಿ ನಡುರಸ್ತಾದಾಗ ನಿಲ್ಲೋ ಸೀಮಿ ನಮ್ಮದು.

ಸಣ್ಣ ಸಣ್ಣವು ಇನ್ನೆರಡು. ಆರ್‌ಸಿಯೊಳಗ ಬರೆಸದೇ ಹೊರಗ ಕೂಡಿಸಿದ ಗ್ಯಾಸ್ ಕಿಟ್ ಇದ್ದ ಗಾಡಿ ಬ್ಯಾಡೇ ಬ್ಯಾಡ, ಬೆಂಕಿ ಹತ್ತಿದ್ರ ಇನ್ಶುರೆನ್ಸೂ ಸಿಗಂಗಿಲ್ಲ. 15 ವರ್ಷಕ್ಕ ಬಂದ ಗಾಡಿ ಇದ್ರ ಆರ್‌ಸಿ ರಿನ್ಯೂವಲ್ 5 ಸಾವಿರ ರೂಪಾಯಿ, ಮ್ಯಾಲ ಫಿಟ್‌ನೆಸ್, ಗ್ರೀನ್ ಟ್ಯಾಕ್ಸ್ ಅಂತ ಅದ, ಅದೂ ಐದು ವರ್ಷಕ್ಕ ಮಾತ್ರ, ಎಪ್ಪತ್ತು ಸಾವಿರದ ಗಾಡಿಗೆ ಈ ಲೆಕ್ಕ ಭಾರ ಬೀಳ್ತದ.

ಡೀಲರ್ ಕಡಿಯಿಂದ ತಗೊಳ್ಳೋದಿದ್ರ 2023ರ ಏಪ್ರಿಲ್‌ನಿಂದ ಹಳೀ ಗಾಡಿ ಮಾರೋರು ಆರ್‌ಟಿಒ ಕಡಿಯಿಂದ ಅಧಿಕೃತ ಅನುಮತಿ ತಗೋಬೇಕು ಅಂತ ನಿಯಮ ಬಂದದ, ಅದನ್ನ ತೋರ್ಸ್ರಿ ಅಂತ ಕೇಳೋಕ್ಕ ನಾಚಬ್ಯಾಡ್ರಿ. ನಿಮ್ಮ ಮಿಸ್ತ್ರಿನ ಕರ್ಕೊಂಡು ಹೋಗ್ರಿ, ಡೀಲರ್ ತೋರಿಸೋ ಮಿಸ್ತ್ರಿ ಬ್ಯಾಡ, ನಿಮ್ಮ ಮಿಸ್ತ್ರಿಗೆ ಸಾವಿರ ಎರಡು ಸಾವಿರ ಮೊದಲೇ ಕೊಟ್ಟುಬಿಡ್ರಿ, ಗಾಡಿ ಬ್ಯಾಡ ಅಂದ್ರೂ ರೊಕ್ಕ ನಿನ್ನದೇ ಅಂತ, ಇಲ್ಲಾಂದ್ರ ಅವ ಕಮಿಷನ್ ಆಸೆಗೆ ಹೂಂ ಅಂತಾನ. ಪೂರ್ತಿ ರೊಕ್ಕ ಒಂದೇ ಸಲ ಕೊಡಬ್ಯಾಡ್ರಿ, ಸ್ವಲ್ಪ ಹಿಡಿದಿಟ್ಟು ಆರ್‌ಸಿ ನಿಮ್ಮ ಹೆಸರಿಗೆ ಬಂದ ಮ್ಯಾಲ ಕೊಡೋದು ಅಂತ ಬರಸ್ಕೊಳ್ರಿ, ಕ್ಯಾಶ್ ಬ್ಯಾಡ, ಬ್ಯಾಂಕಿನಿಂದಲೇ ಹಾಕ್ರಿ. ಡೆಲಿವರಿ ತಗೊಳ್ಳೋ ದಿನ ಒಂದು ಹಾಳಿ ಮ್ಯಾಲ ತಾರೀಖು, ಗಂಟಿ, ಮೀಟರಿನ ಕಿಲೋಮೀಟರು ಬರೆದು ಇಬ್ರೂ ಸಹಿ ಮಾಡ್ರಿ, ಮಾರಿದವ್ರ ಆಧಾರ್ ಝೆರಾಕ್ಸ್ ಹಚ್ಚಿ ಎರಡು ಕಾಪಿ ಇಟ್ಕೊಳ್ರಿ, ಯಾಕಂದ್ರ ಅವತ್ತು ಮುಂಜಾನಿ ಹೈದರಾಬಾದ್‌ನ್ಯಾಗ ಬಿದ್ದ ಚಲನ್ ಮಧ್ಯಾಹ್ನ ಗಾಡಿ ತಗೊಂಡ ನಿಮ್ಮ ಲೆಕ್ಕಕ್ಕ ಬರಬಾರ್ದು.